ನೌಕಾಪಡೆ, ಕಾರ್ಖಾನೆ, ಗಲ್ಫ್: ಕೆಲಸ ಮುಗಿಸಿ ಊರಿಗೆ ಬಂದವರಿಗೆ ಸರ್ಕಾರದ ಯಾವ ಯೋಜನೆ ನಿಜವಾಗಿ ಒದಗುತ್ತದೆ?

ಸೊಸೈಟಿ ಗುಮಾಸ್ತ (ಅಂಕೋಲಾ ಕಡೆ)

ಎಲ್ಲರಿಗೂ ನಮಸ್ಕಾರ. ಅಂಕೋಲಾ ಮತ್ತು ಕಾರವಾರದ ನಡುವಿನ ಒಂದು ಸೇವಾ ಸಹಕಾರಿ ಸಂಘದಲ್ಲಿ ನಾನು ಸಾಲದ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಈ ಮಳೆಗಾಲದಲ್ಲಿ ಬಂದ ಅರ್ಜಿಗಳ ಪೈಕಿ ಮೂರು ಅರ್ಜಿಗಳು ನನ್ನನ್ನು ಯೋಚನೆಗೆ ಹಚ್ಚಿವೆ. ಒಬ್ಬರು ನೌಕಾಪಡೆಯಲ್ಲಿ 15 ವರ್ಷ ದುಡಿದು, ಪೆಟ್ಟಿ ಆಫೀಸರ್ ಆಗಿ ಇನ್ನು ಕೆಲವೇ ತಿಂಗಳಲ್ಲಿ ಹೊರಬರುವವರು. ಬೆಲೇಕೇರಿ ಬಳಿ ಐಸ್ ಪ್ಲಾಂಟ್ ಹಾಕಬೇಕೆಂದಿದ್ದಾರೆ. ಇನ್ನೊಬ್ಬ ಸದಾಶಿವಗಡದ ಹುಡುಗ, ಬೆಳಗಿನ ಲೋಕಲ್ ರೈಲಿನಲ್ಲಿ ಗೋವಾಕ್ಕೆ ಹೋಗಿ ಬಂದು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ಕೆಲಸ ಮಾಡಿದವನು. ಆರ್ಡರ್ ಕಡಿಮೆಯಾಯಿತೆಂದು ಒಂದು ಪಾಳಿಯನ್ನೇ ಮುಚ್ಚಿ ಅವನನ್ನೂ ಮನೆಗೆ ಕಳಿಸಿದ್ದಾರೆ. ಮೂರನೆಯವರು ಶಾರ್ಜಾದಲ್ಲಿದ್ದಾರೆ, ಅರ್ಜಿ ತಂದವರು ಅವರ ಅಣ್ಣ. ಕಂಪನಿ ನೋಟಿಸ್ ಕೊಟ್ಟಿದೆ, ಟಿಕೆಟ್ ಸಿಕ್ಕಿದ ಕೂಡಲೇ ಊರಿಗೆ ಬಂದು ಗೂಡ್ಸ್ ರಿಕ್ಷಾ ತೆಗೆದುಕೊಳ್ಳುತ್ತಾರಂತೆ.

ಮೂವರೂ ಕೇಳುತ್ತಿರುವುದು ಬಂಗಾರದ ಮೇಲಿನ ಸಾಲ. ಕೊಡಲು ನಮಗೇನೂ ಅಡ್ಡಿಯಿಲ್ಲ. ಅಡವಿಗೆ ಬಂಗಾರ ಇರುವಾಗ ಸೊಸೈಟಿಗೆ ನಷ್ಟದ ಭಯವೂ ಇಲ್ಲ. ಆದರೆ ಸರ್ಕಾರದಿಂದ ಹಕ್ಕಾಗಿ ಬರಬೇಕಾದ ಹಣವನ್ನಾಗಲಿ, ಸಹಾಯಧನವನ್ನಾಗಲಿ ಕೇಳದೆಯೇ ಹೆಂಡತಿಯ ಕರಿಮಣಿ ತಂದು ತೂಕದ ತಟ್ಟೆಯ ಮೇಲೆ ಇಡುವವರನ್ನು ನೋಡಿದಾಗ ಮನಸ್ಸಿಗೆ ಸರಿ ಕಾಣುವುದಿಲ್ಲ. ಸಾಲ ಮಂಜೂರು ಮಾಡುವ ಮೊದಲು ಇವರಿಗೆ ಯಾವ ಕಚೇರಿಯ ದಾರಿ ತೋರಿಸಬೇಕು? ಅಮೆರಿಕದಂಥ ದೇಶಗಳಲ್ಲಿ ಸೈನ್ಯದಿಂದ ಬಂದವರಿಗೂ ಕೆಲಸ ಕಳೆದುಕೊಂಡವರಿಗೂ ಒಂದೇ ಕಟ್ಟಡದಲ್ಲಿ ವ್ಯವಸ್ಥೆ ಇದೆಯೆಂದು ಕೇಳಿದ್ದೇನೆ, ಅದು ನಿಜವೇ? ಅನುಭವ ಇದ್ದವರು ತಿಳಿಸಬೇಕಾಗಿ ವಿನಂತಿ.

ಮಾಜಿ ನಾವಿಕ, ಕುಮಟಾ

ಮಾನ್ಯರೆ, ಮೊದಲನೆಯವರ ಬಗ್ಗೆ ನಾನು ಹೇಳಬಲ್ಲೆ. ನಾನೂ ನೌಕಾಪಡೆಯಿಂದ ಬಂದವನು, ಈಗ ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೇನೆ.

ಅವರು ಇನ್ನೂ ಸೇವೆಯಲ್ಲಿದ್ದಾರೆ ಎಂಬುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಅನುಕೂಲ. ರಕ್ಷಣಾ ಸಚಿವಾಲಯದ ಅಡಿಯಲ್ಲಿರುವ ಪುನರ್ವಸತಿ ಮಹಾನಿರ್ದೇಶನಾಲಯ, ನಾವೆಲ್ಲ ಡಿಜಿಆರ್ ಎಂದು ಕರೆಯುವುದು, ಸೇವೆಯ ಕೊನೆಯ ವರ್ಷದಲ್ಲಿರುವವರಿಗೆ ಪುನರ್ವಸತಿ ತರಬೇತಿಗಳನ್ನು ನಡೆಸುತ್ತದೆ. ಅಧಿಕಾರಿಗಳು ಶುಲ್ಕದ ಒಂದು ಪಾಲನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಮತ್ತು ಅವರಿಗಿಂತ ಕೆಳಗಿನ ದರ್ಜೆಯವರ, ಅಂದರೆ ನಾವಿಕರ, ಶುಲ್ಕವನ್ನು ಡಿಜಿಆರ್ ತಾನೇ ಭರಿಸುತ್ತದೆ. ಕೊನೆಯ ವರ್ಷದಲ್ಲಿ ಹಡಗಿನ ಕೆಲಸ ಬಿಟ್ಟು ತರಗತಿಗೆ ಹೋಗಲು ಘಟಕದವರು ಅಷ್ಟು ಸುಲಭವಾಗಿ ಬಿಡುವುದಿಲ್ಲ ಎಂಬುದೂ ನಿಜವೇ. ಆದರೂ ಲಿಖಿತವಾಗಿ ಕೇಳಿಕೊಂಡವರಿಗೆ ಸಿಗುವುದು, ಸುಮ್ಮನಿದ್ದವರಿಗೆ ಸಿಗದಿರುವುದು ಎರಡನ್ನೂ ನಾನು ಕಂಡಿದ್ದೇನೆ.

ಮೀಸಲಾತಿಯ ವಿಷಯ. ಕೇಂದ್ರ ಸರ್ಕಾರದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 10 ಮತ್ತು ಡಿ ಗುಂಪಿನಲ್ಲಿ ಶೇ 20 ಮಾಜಿ ಸೈನಿಕರಿಗೆ ಮೀಸಲಾಗಿದೆ. ಸಾರ್ವಜನಿಕ ಉದ್ದಿಮೆಗಳಲ್ಲಿ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಇದು ಕ್ರಮವಾಗಿ ಶೇ 14.5 ಮತ್ತು ಶೇ 24.5, ಇದರೊಳಗೆ ಶೇ 4.5 ಅಂಗವಿಕಲರಾದ ಮಾಜಿ ಸೈನಿಕರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ ಸೇರಿದ್ದು. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಸಮತಲ ಮೀಸಲಾತಿ, ಅಂದರೆ ಪ್ರತಿ ವರ್ಗದ ಒಳಗೇ ಒಂದು ಪಾಲು, ಇದೆ. ವಯಸ್ಸಿನ ಲೆಕ್ಕ ಹಲವರಿಗೆ ಗೊತ್ತಿಲ್ಲದೆ ತಮಗೆ ವಯಸ್ಸು ಮೀರಿತೆಂದು ಅರ್ಜಿಯನ್ನೇ ಹಾಕುವುದಿಲ್ಲ. ಬ್ಯಾಂಕ್ ಗುಮಾಸ್ತ ಹುದ್ದೆಗೆ ಸಾಮಾನ್ಯ ಗರಿಷ್ಠ ವಯಸ್ಸು 28. ಅದಕ್ಕೆ 15 ವರ್ಷದ ಸೇವೆಯನ್ನೂ ಮೇಲೆ 3 ವರ್ಷವನ್ನೂ ಕೂಡಿಸಿದರೆ 46 ಆಗುತ್ತದೆ, ಒಟ್ಟು ಮಿತಿ 50. ಹಾಗಾಗಿ 35ಕ್ಕೆ ಹೊರಬಂದವರ ಮುಂದೆ ಇನ್ನೂ ಹತ್ತು ವರ್ಷವಿದೆ.

ಪದವಿ ಇಲ್ಲವೆಂಬ ಸಂಕೋಚವೂ ಬೇಡ. ಎಸ್ಸೆಸ್ಸೆಲ್ಸಿ ಆಗಿದ್ದು ಸಶಸ್ತ್ರ ಪಡೆಯಲ್ಲಿ 15 ವರ್ಷಕ್ಕೆ ಕಡಿಮೆಯಿಲ್ಲದ ಸೇವೆ ಸಲ್ಲಿಸಿದ್ದರೆ, ಪದವಿ ಕೇಳುವ ಸಿ ಗುಂಪಿನ ಹುದ್ದೆಗಳಿಗೆ ಅರ್ಹತೆ ಬರುತ್ತದೆ. ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರುವ ಹುದ್ದೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. 2022ಕ್ಕೆ ಮೊದಲು ಸೇರಿದ ನಾವಿಕರ ಮೊದಲ ಅವಧಿಯೂ 15 ವರ್ಷದ್ದೇ ಆಗಿರುವುದರಿಂದ, ವೈದ್ಯಕೀಯ ಅಥವಾ ಸ್ವಂತ ಕಾರಣಕ್ಕೆ ಕೆಲವೇ ತಿಂಗಳು ಮೊದಲು ಹೊರಬಂದವರು ಈ ಅವಕಾಶವನ್ನು ಕಳೆದುಕೊಳ್ಳುತ್ತಾರೆ. ನಿಮ್ಮ ಅರ್ಜಿದಾರರ ಡಿಸ್ಚಾರ್ಜ್ ಬುಕ್ಕಿನಲ್ಲಿ ಸೇವೆಯ ಅವಧಿ ವರ್ಷ, ತಿಂಗಳು, ದಿನಗಳಲ್ಲಿ ಹೇಗೆ ನಮೂದಾಗಿದೆ ಎಂಬುದನ್ನು ಈಗಲೇ ನೋಡಿಕೊಳ್ಳಲು ಹೇಳಿ, ಏಕೆಂದರೆ ಹೊರಬಂದ ಮೇಲೆ ಅದನ್ನು ತಿದ್ದಿಸುವುದು ಮಹಾ ಪ್ರಯಾಸ.

ಇನ್ನೊಂದು ನಿಯಮವನ್ನು ಒತ್ತಿ ಹೇಳುತ್ತೇನೆ. ಮಾಜಿ ಸೈನಿಕರ ಮೀಸಲಾತಿಯಲ್ಲಿ ಒಮ್ಮೆ ಸರ್ಕಾರಿ ಕೆಲಸಕ್ಕೆ ಸೇರಿದರೆ ಆ ಮೀಸಲಾತಿ ಅಲ್ಲಿಗೆ ಮುಗಿಯಿತು. ಆದರೆ ಮೊದಲ ಕೆಲಸಕ್ಕೆ ಸೇರುವ ಮುನ್ನ ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದೇನೆಂದು ದಿನಾಂಕ ಸಹಿತ ಲಿಖಿತ ಘೋಷಣೆಯನ್ನು ಆ ಕಚೇರಿಗೆ ಕೊಟ್ಟಿದ್ದರೆ, ಆ ಅರ್ಜಿಗಳ ಮಟ್ಟಿಗೆ ಸೌಲಭ್ಯ ಉಳಿಯುತ್ತದೆ. 2014ರ ಆಗಸ್ಟ್ ತಿಂಗಳ ಕೇಂದ್ರ ಸಿಬ್ಬಂದಿ ಇಲಾಖೆಯ ಆದೇಶ ಇದನ್ನೇ ಹೇಳುತ್ತದೆ. ಸಿಕ್ಕಿದ ಮೊದಲ ಡಿ ಗುಂಪಿನ ಹುದ್ದೆಗೆ ಅವಸರದಲ್ಲಿ ಸೇರಿ, ಆಮೇಲೆ ಬಂದ ಒಳ್ಳೆಯ ಹುದ್ದೆಯನ್ನು ಈ ಒಂದು ಹಾಳೆ ಇಲ್ಲದೆ ಬಿಟ್ಟುಕೊಟ್ಟವರು ಈ ಕರಾವಳಿಯಲ್ಲೇ ಇದ್ದಾರೆ.

ಐಸ್ ಪ್ಲಾಂಟಿನ ಬಗ್ಗೆ: ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ, ಮಾಜಿ ಸೈನಿಕರನ್ನು ವಿಶೇಷ ವರ್ಗದಲ್ಲಿ ಇಟ್ಟಿದೆ. ಉತ್ಪಾದನಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿಯವರೆಗಿನ ಯೋಜನೆಗೆ ಅವಕಾಶವಿದೆ. ಗ್ರಾಮೀಣ ಪ್ರದೇಶವಾದರೆ ವಿಶೇಷ ವರ್ಗಕ್ಕೆ ಶೇ 35, ಸಾಮಾನ್ಯ ವರ್ಗಕ್ಕೆ ಶೇ 25 ಸಹಾಯಧನ. ಕೈಯಿಂದ ಹಾಕಬೇಕಾದ ಪಾಲು ಕ್ರಮವಾಗಿ ಶೇ 5 ಮತ್ತು ಶೇ 10. ಹತ್ತು ಲಕ್ಷದ ಘಟಕವೆಂದು ಹಿಡಿದರೆ ಅವರದು 50 ಸಾವಿರ, ಬ್ಯಾಂಕಿನದು ಒಂಬತ್ತೂವರೆ ಲಕ್ಷ, ಸಹಾಯಧನ ಮೂರೂವರೆ ಲಕ್ಷ. ಈ ಮೂರೂವರೆ ಲಕ್ಷ ಕೈಗೆ ಬರುವುದಿಲ್ಲ. ಮೂರು ವರ್ಷ ಠೇವಣಿಯಾಗಿ ಬ್ಯಾಂಕಿನಲ್ಲೇ ಇದ್ದು, ಘಟಕ ನಡೆಯುತ್ತಿದೆಯೆಂದು ಸ್ಥಳ ಪರಿಶೀಲನೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಈಗಾಗಲೇ ಆರಂಭವಾದ ಘಟಕಕ್ಕೆ ಇದು ಸಿಗುವುದಿಲ್ಲವಾದ್ದರಿಂದ, ನಿಮ್ಮ ಸೊಸೈಟಿಯ ಸಾಲದಲ್ಲಿ ಯಂತ್ರ ತಂದು ಕೂರಿಸಿದ ಮೇಲೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ.

ಬೈತಖೋಲ ಬಂದರು

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಐಸ್ ಪ್ಲಾಂಟ್ ಮತ್ತು ಶೀತಲಗೃಹ ಮತ್ಸ್ಯ ಸಂಪದ ಯೋಜನೆಯಲ್ಲೂ ಬರುತ್ತವೆ. ಅಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60 ನೆರವು. ಎರಡೂ ಕಡೆಯಿಂದ ಒಂದೇ ಘಟಕಕ್ಕೆ ಸಹಾಯಧನ ಪಡೆಯುವಂತಿಲ್ಲ. ಹೆಂಡತಿಯ ಹೆಸರಿನಲ್ಲಿ ಮಾಡಿದರೆ ಶೇ 60 ಸಿಗುತ್ತದೆಂಬ ಲೆಕ್ಕ ನಮ್ಮ ಬಂದರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಜಾಗದ ದಾಖಲೆ ಆಕೆಯ ಹೆಸರಿನಲ್ಲಿ ಅಥವಾ ನೋಂದಾಯಿತ ದೀರ್ಘಾವಧಿ ಗುತ್ತಿಗೆಯಲ್ಲಿ ಇಲ್ಲದೆ ಅದು ಮುಂದೆ ಹೋಗುವುದಿಲ್ಲ. ಜೊತೆಗೆ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳು ದಡದಲ್ಲೇ ಇರುವಾಗ ಐಸ್ ಕೊಳ್ಳುವವರು ಯಾರು ಎಂಬುದನ್ನೂ ಸಾಲದ ಕಂತು ಗೊತ್ತುಮಾಡುವಾಗ ತಾವು ಯೋಚಿಸಬೇಕು. ಎರಡೂ ಯೋಜನೆಗಳಿಗೆ ಮಂಜೂರಾದ ಅವಧಿ 2025–26ರವರೆಗಿನದು. ಅರ್ಜಿ ಸ್ವೀಕರಿಸುತ್ತಿದ್ದಾರೆಯೇ ಎಂದು ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮತ್ತು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಳ್ಳಲಿ.

ದಾಂಡೇಲಿ ಕಾರ್ಮಿಕ

ಗೋವಾದ ಕಾರ್ಖಾನೆಯಿಂದ ಬಂದ ಹುಡುಗನ ವಿಷಯದಲ್ಲಿ, ಹಲವು ವರ್ಷ ಕಾರ್ಮಿಕ ಸಂಘಟನೆಯಲ್ಲಿ ಇದ್ದವನಾಗಿ, ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಅವನಿಗೆ ಇದನ್ನು ಓದಿಸಿ.

ಮೊದಲು ತಿಳಿಯಬೇಕಾದದ್ದು ಅವನು ಯಾವ ಕಾಗದಕ್ಕೆ ಸಹಿ ಹಾಕಿ ಬಂದಿದ್ದಾನೆ ಎಂಬುದು. ಕೆಲಸ ಇಲ್ಲವೆಂದು ಮಾಲೀಕರು ಕಳಿಸಿದರೆ ಅದು ರಾಜೀನಾಮೆಯೂ ಅಲ್ಲ, ವಜಾವೂ ಅಲ್ಲ, ಕಾನೂನಿನ ಮಾತಿನಲ್ಲಿ ರಿಟ್ರೆಂಚ್‌ಮೆಂಟ್. ಅದಕ್ಕೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ಜೊತೆಗೆ ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಅಂಶಗಳನ್ನು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಉಳಿಸಿಕೊಂಡಿದೆ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಸಂಹಿತೆಯಲ್ಲಿ ಕಾರ್ಮಿಕರಿಗೆ ನಷ್ಟವಾದದ್ದೂ ಇದೆ. ಮೊದಲು 100 ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಜನರನ್ನು ಕಡಿಮೆ ಮಾಡಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತು, ಈಗ ಆ ಸಂಖ್ಯೆ 300 ಆಗಿದೆ. ಗೋವಾದ ಕೈಗಾರಿಕಾ ವಸಾಹತುಗಳಲ್ಲಿ ಇರುವ ಮಧ್ಯಮ ಗಾತ್ರದ ಘಟಕಗಳ ಪೈಕಿ ಬಹಳಷ್ಟು ಈ ಗೆರೆಯ ಹೊರಗೆ ಹೋಗಿವೆ ಎಂದು ನನ್ನ ಅಂದಾಜು.

ಹೊಸದಾಗಿ ಸೇರಿರುವುದು ಮರುಕೌಶಲ ನಿಧಿ. ರಿಟ್ರೆಂಚ್ ಆದ ಪ್ರತಿಯೊಬ್ಬ ಕಾರ್ಮಿಕನ ಹೆಸರಿನಲ್ಲಿ ಮಾಲೀಕ ಅವನ ಕೊನೆಯ ವೇತನದ 15 ದಿನಗಳ ಮೊತ್ತವನ್ನು ಆ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಹದಿನೈದು ದಿನದ ಸಂಬಳದಲ್ಲಿ ಯಾವ ಹೊಸ ಕೌಶಲ ಕಲಿಯಲು ಸಾಧ್ಯವೆಂದು ಕೇಳಿದರೆ ನನ್ನ ಬಳಿಯೂ ಉತ್ತರವಿಲ್ಲ. ಆದರೂ ಹಕ್ಕಿನ ಹಣವನ್ನು ಬಿಡಬಾರದು. ಒಂದು ವರ್ಷದೊಳಗೆ ಅದೇ ಕಾರ್ಖಾನೆ ಮತ್ತೆ ಜನರನ್ನು ತೆಗೆದುಕೊಂಡರೆ, ರಿಟ್ರೆಂಚ್ ಆದವರನ್ನು ಮೊದಲು ಕರೆಯಬೇಕೆಂಬ ನಿಯಮವೂ ಇದೆ. ಗುತ್ತಿಗೆದಾರನ ಮೂಲಕ ಹೊಸಬರನ್ನು ಒಳಗೆ ಬಿಟ್ಟು ಈ ನಿಯಮವನ್ನು ತಪ್ಪಿಸಿಕೊಳ್ಳುವುದು ಎಲ್ಲೆಡೆ ನಡೆದದ್ದೇ. ಆದ್ದರಿಂದ ಅವನು ಒಳಗಿರುವ ಗೆಳೆಯರ ಸಂಪರ್ಕ ಬಿಡದಿರಲಿ.

ಗ್ರ್ಯಾಚ್ಯುಟಿ ಇದಕ್ಕಿಂತ ಬೇರೆ. ಐದು ವರ್ಷ ಮೀರಿದ್ದರಿಂದ ಅವನಿಗೆ ಅದು ಸಲ್ಲಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ ಇತ್ತೆಂದು ಹಿಡಿಯೋಣ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, ಹದಿನೈದು ದಿನಕ್ಕೆ 9,000, ಏಳು ವರ್ಷಕ್ಕೆ 63,000. ಇದನ್ನು 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಈ 63,000 ಮತ್ತು ರಿಟ್ರೆಂಚ್‌ಮೆಂಟ್ ಪರಿಹಾರ ಎರಡನ್ನೂ ಸೇರಿಸಿ ಒಂದೇ ಮೊತ್ತವೆಂದು ತೋರಿಸಿ ಪೂರ್ಣ ಲೆಕ್ಕ ಚುಕ್ತಾ ಎಂದು ಬರೆಸಿಕೊಳ್ಳುವ ಪದ್ಧತಿ ಇದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿದ ಲೆಕ್ಕದ ಹಾಳೆಯನ್ನು ಕೇಳಿ ಪಡೆಯಬೇಕು.

ಇಎಸ್‌ಐ (ನೌಕರರ ರಾಜ್ಯ ವಿಮಾ ನಿಗಮ) ಕಾರ್ಡ್ ಎಂದರೆ ಆಸ್ಪತ್ರೆಯ ಕಾರ್ಡ್ ಎಂದಷ್ಟೇ ನಮ್ಮವರು ತಿಳಿದಿದ್ದಾರೆ. ಆ ನಿಗಮದಲ್ಲಿ ನಿರುದ್ಯೋಗಕ್ಕೂ ಎರಡು ಯೋಜನೆಗಳಿವೆ. 2005ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಲ್ಲಿ, ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್ ಆಗಿ ಕೆಲಸ ಹೋದವರಿಗೆ, ಎರಡು ವರ್ಷ ವಂತಿಗೆ ಕಟ್ಟಿದ್ದರೆ, ಮೊದಲ 12 ತಿಂಗಳು ಸರಾಸರಿ ದಿನವೇತನದ ಶೇ 50, ಮುಂದಿನ 12 ತಿಂಗಳು ಶೇ 25 ಭತ್ಯೆ ಸಿಗುತ್ತದೆ. ಆ ಅವಧಿಯಲ್ಲಿ ಮನೆಯವರಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. 2018ರ ಜುಲೈಯಲ್ಲಿ ಆರಂಭವಾದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಸಣ್ಣದು: ಜೀವಮಾನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನಕ್ಕೆ, ಸರಾಸರಿ ವೇತನದ ಶೇ 50. ಇದನ್ನು ಆಗಾಗ ವಿಸ್ತರಿಸುತ್ತ ಬಂದಿರುವುದರಿಂದ ಈಗ ಚಾಲ್ತಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಕೇಳಿ ನೋಡಬೇಕು. ಅವನ ದಿನವೇತನ 600 ಆಗಿದ್ದರೆ ಮೊದಲನೆಯ ಯೋಜನೆಯಲ್ಲಿ ತಿಂಗಳಿಗೆ ಸುಮಾರು 9,000 ರೂಪಾಯಿ, ಅದೂ ಒಂದು ವರ್ಷದವರೆಗೆ. ಬಂಗಾರ ಅಡವಿಡುವ ಮುನ್ನ ಕೇಳಬೇಕಾದ ಹಣ ಇದೇ. ವೇತನ 21,000ಕ್ಕಿಂತ ಹೆಚ್ಚಾಗಿ ಇಎಸ್‌ಐ ವ್ಯಾಪ್ತಿಯಿಂದ ಹೊರಬಿದ್ದಿದ್ದರೆ ಮಾತ್ರ ಈ ಮಾತು ಅವನಿಗೆ ಅನ್ವಯಿಸುವುದಿಲ್ಲ.

ಹೊನ್ನಾವರ ಪದವೀಧರ

ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಾರಲ್ಲ, ಆ ಹುಡುಗ ಪದವೀಧರನಾಗಿದ್ದರೆ ಅದಕ್ಕೆ ಅರ್ಜಿ ಹಾಕಬಹುದಲ್ಲವೇ?

ದಾಂಡೇಲಿ ಕಾರ್ಮಿಕ

ಇಲ್ಲ. ಯುವನಿಧಿ ಹೊಸದಾಗಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ. 2022–23ರಿಂದ ಈಚೆಗೆ ತೇರ್ಗಡೆಯಾದವರಿಗೆ ಮಾತ್ರ ಅದು. ಏಳು ವರ್ಷ ದುಡಿದು ಕೆಲಸ ಕಳೆದುಕೊಂಡವನನ್ನು ಅದು ಲೆಕ್ಕಕ್ಕೆ ಹಿಡಿದಿಲ್ಲ. ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯ ವಿಷಯವೂ ಹೀಗೆಯೇ: 15,000 ರೂಪಾಯಿಯವರೆಗಿನ ಪ್ರೋತ್ಸಾಹಧನ ಮೊದಲ ಬಾರಿ ಪಿಎಫ್‌ಗೆ ಸೇರುವವರಿಗೆ. ಆದರೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹೆಚ್ಚುವರಿಯಾಗಿ ಜನರನ್ನು ತೆಗೆದುಕೊಳ್ಳುವ ಮಾಲೀಕನಿಗೆ ಒಬ್ಬೊಬ್ಬರ ಮೇಲೆ ತಿಂಗಳಿಗೆ 3,000 ರೂಪಾಯಿಯವರೆಗೆ ಸಿಗುತ್ತದೆ, ಅದು ಹಳೆಯ ಪಿಎಫ್ ಖಾತೆ ಇದ್ದವರಿಗೂ ಅನ್ವಯಿಸುತ್ತದೆ. ಬೇರೆ ಕಡೆ ಸಂದರ್ಶನಕ್ಕೆ ಹೋದಾಗ ಸಣ್ಣ ಘಟಕದ ಮಾಲೀಕರಿಗೆ ಇದನ್ನು ಅವನೇ ತಿಳಿಸಿದರೆ ತಪ್ಪೇನಿಲ್ಲ; ಎಷ್ಟೋ ಮಾಲೀಕರಿಗೆ ಇದು ಗೊತ್ತಿಲ್ಲ.

ಭಟ್ಕಳದವ, ದುಬೈಯಿಂದ

ಶಾರ್ಜಾದಲ್ಲಿರುವ ಸಹೋದರರ ಬಗ್ಗೆ ಬರೆಯುತ್ತಿದ್ದೇನೆ, ತುರ್ತಾಗಿ ತಲುಪಿಸಿ. ಟಿಕೆಟ್ ಸಿಕ್ಕಿದ ಕೂಡಲೇ ಹೊರಡುವುದು ಬೇಡ.

ಯುಎಇ ಸರ್ಕಾರ 2023ರ ಜನವರಿ 1ರಿಂದ ಉದ್ಯೋಗ ನಷ್ಟದ ವಿಮೆಯನ್ನು ಕಡ್ಡಾಯ ಮಾಡಿದೆ. ಮೂಲ ವೇತನ 16,000 ದಿರ್ಹಮ್ ಒಳಗಿದ್ದವರು ತಿಂಗಳಿಗೆ 5 ದಿರ್ಹಮ್ ಕಟ್ಟುತ್ತಾರೆ. ಕಟ್ಟದಿದ್ದರೆ 400 ದಿರ್ಹಮ್ ದಂಡ ಎಂಬ ಹೆದರಿಕೆಗೆ ಎಲ್ಲರೂ ಕಟ್ಟಿದ್ದಾರೆ, ಆದರೆ ಅದರಿಂದ ಹಣ ಪಡೆದವರು ನನ್ನ ಪರಿಚಯದಲ್ಲಿ ಬಹಳ ಕಡಿಮೆ. ಸತತ 12 ತಿಂಗಳು ವಿಮೆ ಚಾಲ್ತಿಯಲ್ಲಿದ್ದು, ರಾಜೀನಾಮೆಯಿಂದಲೋ ಶಿಸ್ತುಕ್ರಮದಿಂದಲೋ ಅಲ್ಲದೆ ಕಂಪನಿಯೇ ಕೆಲಸದಿಂದ ತೆಗೆದಿದ್ದರೆ, ಮೂಲ ವೇತನದ ಶೇ 60ರಷ್ಟು ಹಣ ಮೂರು ತಿಂಗಳವರೆಗೆ ಸಿಗುತ್ತದೆ. ಕೆಲಸ ಹೋದ 30 ದಿನದೊಳಗೆ ಅರ್ಜಿ ಹಾಕಬೇಕು. ದೇಶ ಬಿಟ್ಟು ಹೋದರೆ ಅಥವಾ ಹೊಸ ಕೆಲಸಕ್ಕೆ ಸೇರಿದರೆ ಅಲ್ಲಿಗೆ ನಿಲ್ಲುತ್ತದೆ. ಮೂಲ ವೇತನ 1,500 ದಿರ್ಹಮ್ ಇದ್ದರೆ ತಿಂಗಳಿಗೆ 900. ರೂಮಿನ ಬಾಡಿಗೆ, ಊಟ ಕಳೆದರೆ ಉಳಿಯುವುದು ಹೆಚ್ಚಿಲ್ಲ ಎಂಬುದು ಸರಿ, ಆದರೆ ವೀಸಾ ರದ್ದಾದ ಮೇಲಿನ ಗ್ರೇಸ್ ಅವಧಿಯಲ್ಲಿ ಬೇರೆ ಕೆಲಸ ಹುಡುಕಲು ಆ ಹಣ ಊರೆಗೋಲಾಗುತ್ತದೆ. ಕಂಪನಿಯವರು ಒಳ್ಳೆಯ ಮಾತಿನಲ್ಲಿ ರಾಜೀನಾಮೆ ಬರೆಸಿಕೊಳ್ಳುವುದು ಇಲ್ಲೂ ಇದೆ. ನೋಟಿಸ್ ಕೊಟ್ಟವರು ಕಂಪನಿಯೇ ಎಂಬುದು ಕಾಗದದ ಮೇಲೆ ಉಳಿಯಲಿ.

ಸೇವಾಂತ್ಯದ ಗ್ರ್ಯಾಚ್ಯುಟಿಯನ್ನು ಇಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಅನಂತರದ ವರ್ಷಗಳಿಗೆ 30 ದಿನದ ಮೂಲ ವೇತನದಂತೆ ಲೆಕ್ಕ ಹಾಕುತ್ತಾರೆ; ಒಪ್ಪಂದ ಮುಗಿದ 14 ದಿನದೊಳಗೆ ಕೊಡಬೇಕು. ಊರಿಗೆ ಹೋದ ಮೇಲೆ ಖಾತೆಗೆ ಹಾಕುತ್ತೇವೆ ಎಂದರೆ ನಂಬಿ ವಿಮಾನ ಹತ್ತಬಾರದು. ಇಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ಇಲ್ಲಿದ್ದಾಗ ದೂರು ಕೊಡುವುದು ಸುಲಭ, ಅಂಕೋಲಾದಲ್ಲಿ ಕುಳಿತು ಕೊಡುವುದು ಕಷ್ಟ. ಅನಿವಾರ್ಯವಾದರೆ ನಮ್ಮ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ.

ಭಾರತದ ಕಡೆಯ ಮಾತು ಚುಟುಕು. ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಾದ ಪಾಸ್‌ಪೋರ್ಟಿನವರು ಹೋಗುವಾಗ ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ಅಥವಾ ಮೂರು ವರ್ಷಕ್ಕೆ 375 ರೂಪಾಯಿ ಕಟ್ಟಿರುತ್ತಾರೆ. ಅದರ 10 ಲಕ್ಷ ಅಪಘಾತದ ಮರಣ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ, ಕೆಲಸ ಹೋದದ್ದಕ್ಕಲ್ಲ. 2020ರಲ್ಲಿ ಕೋವಿಡ್ ಸಮಯದಲ್ಲಿ ವಾಪಸಾದವರ ಕೌಶಲ ನೋಂದಣಿಗೆ ಸ್ವದೇಸ್ ಎಂಬ ಕಾರ್ಯಕ್ರಮ ಮಾಡಿದರು; ಹೆಸರು ಬರೆದುಕೊಂಡರು, ನಮ್ಮ ಓಣಿಯಲ್ಲಿ ಯಾರಿಗೂ ಅದರಿಂದ ಕರೆ ಬಂದದ್ದನ್ನು ನಾನು ಕೇಳಿಲ್ಲ. ಕೇರಳದಲ್ಲಿ ಹೊರನಾಡ ಕೇರಳೀಯರಿಗಾಗಿ ಇರುವ ನೋರ್ಕಾ ಇಲಾಖೆ ಎರಡು ವರ್ಷ ಹೊರಗೆ ದುಡಿದು ಬಂದವರಿಗೆ ಪ್ರತ್ಯೇಕ ಬಂಡವಾಳ ಸಹಾಯಧನ ಕೊಡುತ್ತದೆ. ಭಟ್ಕಳ, ಮುರ್ಡೇಶ್ವರ, ಹೊನ್ನಾವರಗಳಿಂದ ಇಷ್ಟು ಜನ ಹೋಗಿ ದುಡಿದರೂ ನಮ್ಮ ರಾಜ್ಯದಲ್ಲಿ ಆ ತೂಕದ ಯೋಜನೆ ಬಂದಿಲ್ಲ ಎಂಬ ಬೇಸರ ನಮಗಿದೆ. ಗೂಡ್ಸ್ ರಿಕ್ಷಾಕ್ಕೆ ಅವರು ನೋಡಬೇಕಾದದ್ದು ಮೇಲೆ ಹೇಳಿದ ಪಿಎಂಇಜಿಪಿಯನ್ನೇ. ಅಲ್ಪಸಂಖ್ಯಾತರೂ ಹಿಂದುಳಿದ ವರ್ಗದವರೂ ವಿಶೇಷ ವರ್ಗದಲ್ಲೇ ಬರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಕೊಡುತ್ತಾರೆ ಎಂಬುದು ನೆನಪಿರಲಿ.

ಶಿರಸಿಯ ಸಾಫ್ಟ್‌ವೇರಿನವ

ಅಮೆರಿಕದ ಬಗ್ಗೆ ಕೇಳಿದ್ದಕ್ಕೆ: ನೀವು ಕೇಳಿದ್ದು ಅರ್ಧ ನಿಜ. ಅಮೆರಿಕನ್ ಜಾಬ್ ಸೆಂಟರ್ ಎಂಬ ಸರ್ಕಾರಿ ಕೇಂದ್ರಗಳಲ್ಲಿ ಕೆಲಸ ಕಳೆದುಕೊಂಡವರಿಗೂ ಮಾಜಿ ಸೈನಿಕರಿಗೂ ಒಂದೇ ಕಡೆ ಸೇವೆ ಸಿಗುತ್ತದೆ. 2002ರ ಕಾನೂನಿನ ಪ್ರಕಾರ ಕಾರ್ಮಿಕ ಇಲಾಖೆಯ ಹಣದಿಂದ ನಡೆಯುವ ಇಂಥ ಕಾರ್ಯಕ್ರಮಗಳಲ್ಲಿ ಮಾಜಿ ಸೈನಿಕರಿಗೆ ಆದ್ಯತೆ ಇದೆ. ಅಂದರೆ ಸರದಿಯಲ್ಲಿ ಅವರು ಮೊದಲು. 100 ಅಥವಾ ಹೆಚ್ಚು ನೌಕರರಿರುವ ಕಂಪನಿ ಸಾಮೂಹಿಕವಾಗಿ ಜನರನ್ನು ತೆಗೆಯುವ ಮುನ್ನ 60 ದಿನದ ನೋಟಿಸ್ ಕೊಡಬೇಕು. ಆಮದಿನ ಪೈಪೋಟಿಯಿಂದ ಕೆಲಸ ಹೋದವರಿಗಾಗಿ ಇದ್ದ ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಕಾರ್ಯಕ್ರಮ ದಶಕಗಳಿಂದ ನಡೆದುಬಂದಿತ್ತು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅದನ್ನು ನವೀಕರಿಸದ ಕಾರಣ 2022ರ ಜುಲೈ 1ರಿಂದ ಹೊಸ ಅರ್ಜಿಗಳಿಗೆ ಮಾನ್ಯತೆ ಸಿಗುತ್ತಿಲ್ಲ. ಅಲ್ಲಿಯೂ ಯೋಜನೆಗಳು ಹೀಗೆ ಅವಧಿ ಮುಗಿದು ನಿಂತುಹೋಗುತ್ತವೆ.

ವಿದೇಶಿ ಕೆಲಸಗಾರರ ಪಾಡು ಬೇರೆ. ಅವರ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳೆಲ್ಲ ವಾಸ್ತವದಲ್ಲಿ ಮಾಲೀಕರಿಗಾಗಿ ಇರುವಂಥವು. ಹೊಲದ ಕೆಲಸಕ್ಕೆ ಎಚ್–2ಎ ವೀಸಾದಲ್ಲಿ ಜನ ತರಿಸುವ ರೈತ ಮೊದಲು ಸ್ಥಳೀಯರನ್ನು ಹುಡುಕಿ ಸಿಗಲಿಲ್ಲವೆಂದು ತೋರಿಸಬೇಕು, ಬಂದವರಿಗೆ ಉಚಿತ ವಸತಿ ಕೊಡಬೇಕು. ನನ್ನಂತೆ ಎಚ್–1ಬಿ ವೀಸಾದಲ್ಲಿದ್ದವನಿಗೆ ಕೆಲಸ ಹೋದರೆ ಇರುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಮಾಲೀಕ ಸಿಗಬೇಕು ಅಥವಾ ಹೊರಡಬೇಕು. ಅವಧಿಗೆ ಮೊದಲೇ ತೆಗೆದ ಕಂಪನಿ ಊರಿಗೆ ಮರಳುವ ಪ್ರಯಾಣದ ವೆಚ್ಚ ಕೊಡಬೇಕೆಂಬ ನಿಯಮವಿದೆ, ಕೇಳಿದವರಿಗೆ ಕೊಡುತ್ತಾರೆ. ಆ ವಿಷಯದಲ್ಲಿ ಶಾರ್ಜಾದ ಐದು ದಿರ್ಹಮಿನ ವಿಮೆ ಅಮೆರಿಕದ ಪದ್ಧತಿಗಿಂತ ವಾಸಿ ಎಂದೇ ನಾನು ಹೇಳುತ್ತೇನೆ.

ಸೊಸೈಟಿ ಗುಮಾಸ್ತ (ಅಂಕೋಲಾ ಕಡೆ)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಶಾರ್ಜಾದವರಿಗೆ ಅಣ್ಣನ ಮೂಲಕ ಸುದ್ದಿ ಮುಟ್ಟಿಸಿದ್ದೇನೆ, ಪ್ರಯಾಣ ಮುಂದೆ ಹಾಕಿದ್ದಾರೆ. ಸದಾಶಿವಗಡದ ಹುಡುಗನನ್ನು ಕರೆಸಿ ಕೇಳಿದೆ. ಅವನ ಮೊಬೈಲಿನಲ್ಲಿದ್ದ ಫೋಟೋ ನೋಡಿದರೆ, ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಅರ್ಧ ಪುಟದ ಕಾಗದ. ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಎಂದಿದೆ, ಕೆಳಗೆ ಅವನ ಸಹಿ. ಅದೇ ದಿನ ಅದೇ ಪಾಳಿಯ ಇತರರಿಂದಲೂ ಅದೇ ಮಾದರಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರಂತೆ. ಇನ್ನು ದಾರಿ ಏನಾದರೂ ಉಳಿದಿದೆಯೇ?

ದಾಂಡೇಲಿ ಕಾರ್ಮಿಕ

ಉಳಿದಿದೆ, ಆದರೆ ಸುಲಭದ ದಾರಿಯಲ್ಲ. ಒಂದೇ ದಿನ, ಒಂದೇ ಒಕ್ಕಣೆಯಲ್ಲಿ, ಒಂದು ಇಡೀ ಪಾಳಿಗೆ ವೈಯಕ್ತಿಕ ಕಾರಣ ಬಂದಿತೆಂದರೆ ಯಾವ ಸಂಧಾನಾಧಿಕಾರಿಯೂ ಹುಬ್ಬೇರಿಸದೆ ಇರುವುದಿಲ್ಲ. ಆದ್ದರಿಂದ ಅವನೊಬ್ಬನೇ ಹೋಗುವುದು ಬೇಡ; ಸಹಿ ಹಾಕಿದ ಇತರರನ್ನೂ ಕೂಡಿಸಿಕೊಂಡು, ಎಲ್ಲರ ಕಾಗದದ ಪ್ರತಿಗಳನ್ನು ಒಟ್ಟಿಗೆ ಇಟ್ಟು ದೂರು ಕೊಡಲಿ. ಕಾರ್ಖಾನೆ ಇರುವುದು ಗೋವಾದಲ್ಲಾದ್ದರಿಂದ ದೂರನ್ನು ಅಲ್ಲಿನ ಕಾರ್ಮಿಕ ಆಯುಕ್ತರ ಕಚೇರಿಯಲ್ಲೇ ಕೊಡಬೇಕು. ಕಾರವಾರದ ಕಾರ್ಮಿಕ ಇಲಾಖೆಗೆ ಅಧಿಕಾರವಿಲ್ಲ. ಸಂಹಿತೆಯ ಪ್ರಕಾರ ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ, ಸಮಯವೇನೋ ಇದೆ. ಆದರೆ ಪಾಳಿ ಮುಚ್ಚಿದ್ದನ್ನು ತೋರಿಸುವ ನೋಟಿಸ್ ಬೋರ್ಡಿನ ಫೋಟೋ, ವಾಟ್ಸ್ಆ್ಯಪ್ ಸಂದೇಶ, ಹಾಜರಿ ಇವೆಲ್ಲ ಎರಡು ವರ್ಷ ಯಾರ ಬಳಿಯೂ ಉಳಿಯುವುದಿಲ್ಲವಾದ್ದರಿಂದ ಈ ತಿಂಗಳಲ್ಲೇ ಹೋಗಲಿ.

ಅದರ ಜೊತೆಗೆ ಪಿಎಫ್ ಖಾತೆಯಲ್ಲಿ ಮಾಲೀಕರು ಕೆಲಸ ಬಿಟ್ಟ ಕಾರಣವನ್ನು ಏನೆಂದು ನಮೂದಿಸಿದ್ದಾರೆ ಎಂಬುದನ್ನು ನೋಡಿ. ಹಲವು ಕಡೆ ರಾಜೀನಾಮೆ ಬರೆಸಿಕೊಂಡ ಮೇಲೂ ಗುಮಾಸ್ತರು ಅಭ್ಯಾಸಬಲದಿಂದ ಬೇರೆ ಕಾರಣವನ್ನು ಆರಿಸಿರುತ್ತಾರೆ, ಅದು ಅವನ ಪರವಾದ ಸಾಕ್ಷಿಯಾಗಬಹುದು. ಪಿಂಚಣಿ ಭಾಗಕ್ಕೆ ಹತ್ತು ವರ್ಷ ತುಂಬಿಲ್ಲವಾದ್ದರಿಂದ ಆ ಹಣವನ್ನು ಈಗಲೇ ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಪಡೆದುಕೊಂಡರೆ ಮುಂದಿನ ಕೆಲಸದ ಸೇವೆಯೊಂದಿಗೆ ಸೇರುತ್ತದೆ.

ಗ್ರ್ಯಾಚ್ಯುಟಿಗೆ ಈ ಜಗಳದ ತೀರ್ಮಾನಕ್ಕಾಗಿ ಕಾಯಬೇಕಾಗಿಲ್ಲ. ಐದು ವರ್ಷ ಪೂರೈಸಿದವನು ರಾಜೀನಾಮೆ ಕೊಟ್ಟಿದ್ದರೂ ಅದು ಸಲ್ಲಲೇಬೇಕಾದ ಹಣ. ನಾಳೆಯೇ ಲಿಖಿತ ಅರ್ಜಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಲಿ. ಅವನಿಗೆ ನೀವು ಸಾಲ ಕೊಡಲೇಬೇಕಾದರೆ, ಈ ಅರ್ಜಿಯ ಪ್ರತಿಯನ್ನು ಕಡತದಲ್ಲಿ ಸೇರಿಸಿ, ಮೊತ್ತವನ್ನು ಆ ಹಣ ಬರುವವರೆಗಿನ ಮನೆಖರ್ಚಿಗೆ ಸಾಕಾಗುವಷ್ಟಕ್ಕೆ ಮಾತ್ರ ಇಡಿ.